ಗಂಜಿ ಹಾಕಿದ ಕೋಟು

ನಮ್ಮ ಯಜಮಾನರ ಹೆಸರು ಕೋದಂಡರಾಮಪ್ಪ. ಅವರಿದ್ದಾಗ ಬಾಯಲ್ಲಿ ಹೇಳಿದವಳಲ್ಲ. ಈಗ ಬರೀತಿದೀನಿ. ನಾನು ಓದಿದ್ದು ನಾಲ್ಕನೇ ಕ್ಲಾಸು.

ಮಾಸ್ತಿ ಕಡೆ ರಾಗಿ ಬೆಳೆಯೋರ ಮನೆ ಅವರದು. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಎಪ್ಪತ್ತೆರಡರಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರ ಸೇರಿದರು. ಮಾಲೂರಲ್ಲಿ ಮನೆ ಮಾಡಿದ್ವಿ. ಬೆಳಿಗ್ಗೆ ರೈಲಿಗೆ ಹೋದರೆ ಕತ್ತಲಾದ ಮೇಲೇ ಬರೋರು. ಮಕ್ಕಳಾಗಲಿಲ್ಲ. ಹಗಲೆಲ್ಲ ನಾನೊಬ್ಬಳೇ.

ಪಕ್ಕದ ಮನೆ ಅನಸೂಯಮ್ಮ ಹಂಗಿಸೋಳು: "ಕರೆಂಟ್ ಇಂಜಿನಿಯರ್ ಅಂತೀಯ, ನಮ್ಮನೆ ಫ್ಯೂಸ್ ಹಾಕಕ್ಕೆ ಬರಲ್ವೇನೇ ನಿನ್ನ ಗಂಡಂಗೆ?" ಇವರು ಹೋಗಿ ಹಾಕಿಕೊಟ್ಟು ಬರೋರು.

ಅವರ ಕೆಲಸ ಚಿಪ್ ಮಾಡೋ ಸಿಲಿಕಾನ್ ಬಿಲ್ಲೆ ಮೇಲೆ ಕಣ್ಣಿಗೆ ಕಾಣದ ಗೆರೆ ಮೂಡಿಸೋದು. "ಒಂದು ಚೂರು ಧೂಳು ಬಿದ್ರೆ ಬಿಲ್ಲೆ ಸತ್ತಂಗೆ ಕಣೇ" ಅನ್ನೋರು. ಅದಕ್ಕೇ ಅಂತ ಮುಚ್ಚಿದ ಕೋಣೆ. ಹಣೇಲಿ ವಿಭೂತಿ ಇದ್ದರೂ ಒಳಗೆ ಬಿಡಲ್ಲ. ಆ ಕೋಣೆ ಅಂದರೆ ಅವರಿಗೆ ಜೀವ.

ಆ ಕೋಣೆಗೆ ಹಾಕ್ಕೊಂಡು ಹೋಗೋ ಬಿಳಿ ಕೋಟು ಆಫೀಸಲ್ಲೇ ಒಗೀತಿದ್ರು. ಎಂಬತ್ತರಲ್ಲಿ ಒಗೆಯೋನು ಒಂದು ವಾರ ಬರಲಿಲ್ಲ. ದೆಹಲಿಯಿಂದ ದೊಡ್ಡವರು ನೋಡೋಕೆ ಬರ್ತಾರೆ ಅಂತ ಇವರು ಕೋಟನ್ನ ಮನೆಗೆ ತಂದರು. "ಬರೀ ನೀರಲ್ಲಿ ಜಾಲಿಸು" ಅಂದರು. ದೊಡ್ಡವರ ಮುಂದೆ ಮುದುರಿದ ಕೋಟಾ? ಅನ್ನದ ಗಂಜಿ ಹಾಕಿ, ಕೆಂಡದ ಇಸ್ತ್ರಿ ಪೆಟ್ಟಿಗೆಯಲ್ಲಿ ಗರಿಗರಿಯಾಗಿ ತೀಡಿ ಕೊಟ್ಟೆ. ನಾನು ಹೇಳಲಿಲ್ಲ. ಅವರು ನೋಡಲಿಲ್ಲ.

ಗಂಜಿ ಪುಡಿಯಾಗಿ ಆ ಕೋಣೇಲಿ ಉದುರಿತಂತೆ. ನಾಲ್ಕು ತಿಂಗಳ ಬಿಲ್ಲೆಗಳು ಅಷ್ಟೂ ಕೆಟ್ಟವು. "ತಪ್ಪು ನನ್ನದೇ" ಅಂದರಂತೆ ಇವರು. ಇವರನ್ನ ಆ ಕೋಣೆಯಿಂದ ತೆಗೆದು, ಹೊರಗಡೆ ಅಳತೆ ನೋಡೋ ಮೇಜಿಗೆ ಹಾಕಿದರು.

ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟ ಮಾಡೋರು, ಮಲಗೋರು. ಆರು ತಿಂಗಳಿಗೊಮ್ಮೆ ಕೇಳ್ತಿದ್ದೆ, "ಒಳಗೆ ಕರೆದ್ರಾ?"

"ಇಲ್ಲ ಕಣೇ."

ಏಳು ವರ್ಷ ಇದೇ ಮಾತು. ಆ ಆಫೀಸಿನೋರಿಗೆ ನಾನು ಹಾಕದ ಶಾಪ ಇಲ್ಲ.

ಎಂಬತ್ತೇಳರಲ್ಲಿ ಎದೆನೋವು ಬಂದು ಹೋಗಿಬಿಟ್ಟರು. ತಿಥಿಗೆ ಅವರ ಜೊತೆ ಕೆಲಸ ಮಾಡ್ತಿದ್ದ ಕದಿರೇಶ ಬಂದಿದ್ದ. ಎಲೆ ಮುಂದೆ ಕೂತೋನನ್ನೇ ಕೇಳಿದೆ.

"ಏನಪ್ಪಾ, ಸಾಯೋತನಕ ಒಳಗೆ ಸೇರಿಸಲಿಲ್ವಲ್ಲ, ನೀವೂ ಮನುಷ್ಯರಾ?"

ಅವನು ತುತ್ತು ಕೆಳಗಿಟ್ಟ. "ಅಮ್ಮಾ, ಮಾರನೇ ವರ್ಷಾನೇ ಕರೆದ್ವಿ. ಆಮೇಲೂ ಒಂದ್ಸಲ ಕರೆದ್ವಿ. ಸಾರೇ ಬರಲ್ಲ ಅಂದ್ರು."

"ಯಾಕೆ?"

"ಮತ್ತೆ ಏನಾದ್ರೂ ಕೆಟ್ಟರೆ, ಮನೇಲಿ ಅವಳು ತನ್ನಿಂದಾನೇ ಅಂದ್ಕೋತಾಳೆ, ತಡ್ಕೊಳ್ಳಲ್ಲ ಅಂದ್ರು."

ಬಡಿಸ್ತಿದ್ದೋರು ಸಾರು ತಂದರು. ನಾನು ಪಕ್ಕಕ್ಕೆ ಸರಿದೆ.

ತಡ್ಕೋತಿದ್ದೆ. ನನ್ನನ್ನ ಒಂದು ಮಾತು ಕೇಳಬೇಕಿತ್ತು.