ವಾಣಿಜ್ಯ ಸಚಿವರಿಗೆ ಮಾಯಮ್ಮನ ಅಡುಗೆ

ಬೆಳಗಿನ ಮಂಜಿಗೆ ಎದುರಿನ ಹುಣಸೆಮರವೇ ಕಾಣುತ್ತಿಲ್ಲ. ಅರಕಲಗೂಡಿನ ಹೊರಗಿರುವ ಹಳೇ ಪ್ರವಾಸಿ ಮಂದಿರದಲ್ಲಿ ಅಡುಗೆಮನೆಯ ಲೈಟೊಂದೇ ಉರಿಯುತ್ತಿದೆ. ಮಾಯಮ್ಮ ನೆಲದ ಮೇಲೆ ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದಾರೆ. ಬೆರಳು ಒತ್ತಿದ್ದೇ ತಡ, ಬೇಳೆ ಪುಸಕ್ಕನೆ ಪಾತ್ರೆಗೆ ಹಾರುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನೂ ಒಂದಷ್ಟು ಹಿತುಕಿ ನೋಡಿದೆ. ನನ್ನವು ಪಾತ್ರೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬಿದ್ದವು.

"ನೀವು ಬರ್ಕಳಿ ಸಾ, ಸಾಕು. ಇದು ನಂಗಿರ್ಲಿ," ಎಂದು ನಗುತ್ತಾರೆ.

ಇವತ್ತು ಹತ್ತು ಗಂಟೆಗೆ ಕೇಂದ್ರ ವಾಣಿಜ್ಯ ಸಚಿವರು ಬರುವವರಿದ್ದಾರೆ. ಹಾಸನಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ಅರ್ಧ ಗಂಟೆ ವಿಶ್ರಾಂತಿ, ಉಪಾಹಾರ. ಎಂಬತ್ತರ ದಶಕದ ಕೊನೆಯಿಂದ ಈ ಅಡುಗೆಮನೆಯಲ್ಲಿ ದುಡಿದ ಮಾಯಮ್ಮನಿಗೆ ತಿಂಗಳ ಕೊನೆಗೆ ನಿವೃತ್ತಿ. ಅಷ್ಟರೊಳಗೆ ಒಂದು ಆಸೆ ತೀರಬೇಕಂತೆ.

"ನಾನು ಓಗೋದ್ರೊಳ್ಗೆ ಒಬ್ರು ವಾಣಿಜ್ಯ ಮಂತ್ರಿ ಇಲ್ಲಿ ಕುಂತ್ಕಂಡು ವಟ್ಟೆ ತುಂಬ ಉಣ್ಬೇಕು ಸಾ. ಇನ್ನೇನೂ ಬ್ಯಾಡ."

ಮಂತ್ರಿಗಳಿಗೇನು ಬರ? ಬಂದವರು, ಉಂಡವರು ಬೇಕಾದಷ್ಟು ಮಂದಿ. ವಾಣಿಜ್ಯ ಸಚಿವರೇ ಯಾಕೆ ಎಂದರೆ ಮಾಯಮ್ಮ ಕಾಫಿ ಲೋಟ ಮುಂದಿಡುತ್ತಾರೆ. ಬಡಪೆಟ್ಟಿಗೆ ಬಾಯಿ ಬಿಡುವ ಪೈಕಿಯಲ್ಲ.

ನಗರದ ನಮ್ಮಂಥವರಿಗೆ ವಾಣಿಜ್ಯ ಸಚಿವರೆಂದರೆ ಟಿ.ವಿ.ಯಲ್ಲಿ ವಿದೇಶಿಯರ ಕೈ ಕುಲುಕುವವರು, ಅಷ್ಟೆ. ಈ ಸೀಮೆಗೆ ಹಾಗಲ್ಲ. ತಂಬಾಕು ಮಂಡಳಿ, ಕಾಫಿ ಮಂಡಳಿ ಎರಡೂ ಆ ಸಚಿವಾಲಯದ ಕೈಕೆಳಗಿವೆ. ಹೊಗೆಸೊಪ್ಪು ಮಂಡಳಿ ಹಾಕಿದ ಮಿತಿ ಮೀರಿ ಬೆಳೆದರೆ ಹೆಚ್ಚಿನದನ್ನು ಹರಾಜುಕಟ್ಟೆಯಲ್ಲಿ ದಂಡವಿಲ್ಲದೆ ಮಾರಬಹುದೋ ಇಲ್ಲವೋ ಎಂಬ ಕೊನೆಯ ಮಾತು ದೆಹಲಿಯ ಆ ಕುರ್ಚಿಯದೇ. ಕುರ್ಚಿಯ ಹೆಸರೂ ಆಗಾಗ ಬದಲಾಗಿದೆ. ಮೊದಲ ದಶಕಗಳಲ್ಲಿ ವಾಣಿಜ್ಯ, ಕೈಗಾರಿಕೆ ಒಟ್ಟಿಗಿದ್ದವು. ಎಪ್ಪತ್ತರ ಸುಮಾರಿಗೆ ಸ್ವಲ್ಪ ಕಾಲ ಅದು ವಿದೇಶಿ ವ್ಯಾಪಾರ ಸಚಿವಾಲಯವಾಗಿತ್ತು. ಆಮೇಲೆ ಬೇರೆಯಾಗಿ, ಈಗ ಮತ್ತೆ ಒಂದಾಗಿವೆ. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕಿದ್ದ ಕಾಲವೂ ಇತ್ತು, ತೊಂಬತ್ತರ ದಶಕದಲ್ಲಿ ಹೋಯಿತು.

ಇದು ನಾನು ಓದಿದ ಚರಿತ್ರೆ. ಮಾಯಮ್ಮನ ಲೆಕ್ಕವೇ ಬೇರೆ. ಅವರಿಗೆ ಯಾವ ಸಚಿವರ ಹೆಸರೂ ನೆನಪಿಲ್ಲ. ಒಬ್ಬರು ಸಕ್ಕರೆ ಬೇಡದ ಸಾಹೇಬರು, ಒಬ್ಬರು ಬರೀ ಬಿಸಿನೀರಿನವರು, ಇನ್ನೊಬ್ಬರು ಲೋಟ ಹಿಡಿದೇ ಫೋನಿನಲ್ಲಿ ಮಾತಾಡಿ ಕಾಫಿ ಆರಿಸಿಕೊಂಡವರು.

"ಆಗ ಈ ಜಗಲಿ ನೋಡ್ಬೇಕಿತ್ತು ಸಾ," ಎನ್ನುವಾಗ ಅವರ ದನಿ ಮೆತ್ತಗಾಗುತ್ತದೆ. "ಸಕಲೇಶಪುರದ ಕಡೆಯೋರು ಕಾಫಿ ಬೀಜ ಚೀಲ್ದಲ್ಲಿ ತರೋರು. ಕೊಣನೂರೋರು ವಗೆಸೊಪ್ನ ಪಂಚೇಲಿ ಸುತ್ಕಂಡ್ ಬರೋರು. ಮಂತ್ರಿಗೊಳು ಮುಟ್ಟಿ ನೋಡ್ಲಿ ಅಂತ. ಜಗಲಿ ತುಂಬಾ ಘಮ್ ಅನ್ನೋದು. ಈಗ ಎಲ್ಲಾ ಫೋನಾಗೆ ಫೋಟೊ ತೋರುಸ್ತಾರೆ. ಫೋಟೊಕ್ಕೆ ವಾಸ್ನೆ ಇದ್ದದಾ?"

ಅವರು ದಿನಗೂಲಿಗೆ ಕಸ ಗುಡಿಸಲು ಸೇರಿದವರು. ಅಡುಗೆಯವರು ಬಿಟ್ಟುಹೋದಾಗ ಸೌಟು ಇವರ ಕೈಗೆ ಬಂತು. ಅಡುಗೆ ಬಂದರೂ ಉಣ್ಣುವವರು ಬರಬೇಕಲ್ಲ! ಮಾಯಮ್ಮನ ಕೇರಿ ಯಾವುದೆಂದು ತಿಳಿದ ಕೆಲವು ನೌಕರರು ಮನೆಯಿಂದ ಬುತ್ತಿ ತರತೊಡಗಿದರು. ಮಾಡಿದ್ದು ಹಾಗೇ ಉಳಿಯುತ್ತಿತ್ತು. ಆ ದಿನಗಳ ಮಾತು ಬಂದರೆ ನನಗೇ ಸಿಟ್ಟು ಬರುತ್ತದೆ. ಮಾಯಮ್ಮ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ಉಳ್ದಿದ್ನ ನಾಯಿಗೊಳು ತಿಂತಿದ್ವು. ಅವು ಜಾತಿ ಕೇಳ್ಲಿಲ್ಲ," ಎನ್ನುತ್ತಾರೆ.

ಅಂಥ ದಿನಗಳಲ್ಲಿ ಒಬ್ಬ ವಾಣಿಜ್ಯ ಸಚಿವರು ಬಂದರು. ಮಾಯಮ್ಮ ಒತ್ತು ಶಾವಿಗೆ ಮಾಡಿ ಕಾಯಿಹಾಲು ಬಡಿಸಿದರು. ಆ ಪುಣ್ಯಾತ್ಮರು ಕೇಳಿ ಕೇಳಿ ಹಾಕಿಸಿಕೊಂಡರು. ಶಾವಿಗೆ ಒರಳನ್ನು ಹೊರಗೆ ತರಿಸಿ, ಒತ್ತುವುದು ಹೇಗೆಂದು ನೋಡಿದರು. ಆ ಹೊತ್ತಿಗೆ ಸಮಯ ಮುಗಿದು, ಅಂಗಳದಲ್ಲಿ ಕಾದಿದ್ದ ಬೆಳೆಗಾರರಿಗೆ ಬರೀ ಕೈ ಮುಗಿದು ಕಾರು ಹತ್ತಿದರು.

"ಆಗ ನಾವು ಬಂದಿದ್ದು ಬ್ಯಾರನ್ ಲೈಸೆನ್ಸ್ ಕೇಳಕೆ," ಎನ್ನುತ್ತಾರೆ ಬೆಳಿಗ್ಗೆಯೇ ಬಂದು ಜಗಲಿಯಲ್ಲಿ ಕೂತಿರುವ ಕೊಣನೂರು ಕಡೆಯ ತಂಬಾಕು ಬೆಳೆಗಾರ ಬೋರಪ್ಪ. ಸೊಪ್ಪು ಬೇಯಿಸುವ ಮನೆಗೆ ಅಲ್ಲಿ ಬ್ಯಾರನ್ ಎನ್ನುತ್ತಾರೆ. "ಲೈಸೆನ್ಸ್ ಸಿಗ್ದೆ ದಲ್ಲಾಳಿ ಕೇಳ್ದಂಗೆ ಸೊಪ್ಪು ಕೊಟ್ವಿ. ಆವತ್ತು ಕಾರು ಓಗ್ತಿದ್ದಂಗೇ ಈಯಮ್ಮನ್ಗೆ ಅಂದ್ಬುಟ್ಟೆ, ನಿನ್ ಶಾವ್ಗೆ ನಮ್ ಬಾಳ್ನೇ ತಿಂದ್ಬುಡ್ತು ಕಣವ್ವ ಅಂತ."

ಜೀವನದಲ್ಲಿ ಮೊದಲ ಸಲ ದೊಡ್ಡವರೊಬ್ಬರು ತನ್ನ ಅಡುಗೆ ಚಪ್ಪರಿಸಿ ಉಂಡ ದಿನವೇ ಮಾಯಮ್ಮ ಈ ಮಾತು ಕೇಳಿಸಿಕೊಂಡರು. ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ವಾಣಿಜ್ಯ ಸಚಿವರು ಬಂದರೆ ಮೊದಲು ಕಾಫಿ ಮಾತ್ರ. ಅಂಗಳದವರ ಮಾತು ಮುಗಿದ ಮೇಲೆ ತಟ್ಟೆ. ಮಾತು ಮುಗಿಯುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ. ಹಾಗಾಗಿ ಆಮೇಲೆ ಬಂದ ಒಬ್ಬ ವಾಣಿಜ್ಯ ಸಚಿವರೂ ಇಲ್ಲಿ ಉಂಡಿಲ್ಲ. ಅವರ ಆಸೆಯ ಮೂಲ ಆಗ ನನಗೆ ಅರ್ಥವಾಯಿತು.

"ಅಮ್ಮ, ಈ ಸಲ ಮೊದ್ಲು ಬಡ್ಸು, ಇದೇ ಕೊನೇದು," ಎಂದು ಹೊಳೆನರಸೀಪುರದಲ್ಲಿ ಶಿಕ್ಷಕಿಯಾಗಿರುವ ಮಗಳು ಸಂಘಮಿತ್ರಾ ಫೋನಿನಲ್ಲಿ ಹೇಳಿದ್ದಾರೆ. ತಾಯಿ ಹ್ಞೂಂ ಎಂದಿದ್ದಾರೆ.

ಹತ್ತಕ್ಕೆ ಬರಬೇಕಾದ ಕಾರುಗಳು ಬಂದಾಗ ಹನ್ನೊಂದು ದಾಟಿದೆ. ಅಂಗಳದಲ್ಲಿ ಬೋರಪ್ಪ ಮತ್ತು ಜೊತೆಗಾರರು ಮನವಿ ಹಿಡಿದು ನಿಂತಿದ್ದಾರೆ. ಈ ವರ್ಷ ಮಳೆ ಹದವಾಗಿ ಸೊಪ್ಪು ಮಿತಿ ಮೀರಿದೆ. ದಂಡ ಮನ್ನಾ ಆಗದಿದ್ದರೆ ಬೆಳೆದದ್ದೇ ತಪ್ಪಾಗುತ್ತದೆ. ಸಚಿವರ ಜೊತೆ ಬಂದ ಕನ್ನಡದ ಅಧಿಕಾರಿ ಅರುಣ್‌ಕುಮಾರ್, "ಹತ್ತೇ ನಿಮಿಷ ಇರೋದು. ಮನವಿ ನನ್ನ ಕೈಲಿ ಕೊಡಿ, ತಲುಪಿಸ್ತೀನಿ," ಎಂದು ಅವರನ್ನು ತಡೆಯುತ್ತಾರೆ.

ಒಳಗೆ ಸಚಿವರು ಕೈ ತೊಳೆದು ಊಟದ ಮೇಜಿಗೆ ಬಂದು ಕೂರುತ್ತಾರೆ. ಅಕ್ಕಿರೊಟ್ಟಿ, ಹಿತುಕಿದ ಬೇಳೆ ಸಾರಿನ ವಾಸನೆ ಕೋಣೆ ತುಂಬಿದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಅವರೇ ನಕ್ಕು ಹೇಳುತ್ತಾರೆ. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಮಾಯಮ್ಮ ಒಮ್ಮೆ ಮೇಜು ನೋಡುತ್ತಾರೆ, ಒಮ್ಮೆ ಕಿಟಕಿಯಾಚೆಯ ಬೋರಪ್ಪನನ್ನು. ಬಡಿಸಿಬಿಡಿ ತಾಯಿ, ನಿಮ್ಮ ದಿನವಿದು ಎಂದು ನನ್ನ ಮನಸ್ಸು ಕೂಗುತ್ತಿದೆ.

ಅವರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ಅಡುಗೆಮನೆಯ ಹಿಂಬಾಗಿಲು ತೆಗೆದು, "ಬರ್ರಪ್ಪಾ ಒಳೀಕೆ," ಎಂದರು. ಬೆಳೆಗಾರರನ್ನು ಒಲೆಯ ಪಕ್ಕದಿಂದಲೇ ದಾಟಿಸಿ ನೇರ ಮೇಜಿನ ಮುಂದೆ ನಿಲ್ಲಿಸಿದರು. ಸಚಿವರ ಕಡೆ ತಿರುಗಿ ಕೈ ಮುಗಿದು, "ಇವ್ರು ಮಾತು ಮುಗ್ಸೋಗಂಟ ರೊಟ್ಟಿ ಬೇಯಕಿಲ್ಲ ಸಾಮಿ, ತೆಪ್ಪು ತಿಳ್ಕಬ್ಯಾಡಿ," ಎಂದರು. ಅರುಣ್‌ಕುಮಾರ್ ಮುಖ ಕೆಂಪಾಯಿತು. ಆದರೂ ಅದನ್ನು ಕನ್ನಡ ಬಾರದ ಸಚಿವರಿಗೆ ಅನುವಾದಿಸಿ ತಿಳಿಸಬೇಕಾದವರು ಅವರೇ!

ಸಚಿವರು ಮೊದಲು ಗಂಭೀರರಾದರು, ಆಮೇಲೆ ಕುರ್ಚಿ ಎಳೆದು ಬೋರಪ್ಪನ ಕಡೆ ತಿರುಗಿದರು. ಕೇಳಿದರು, ಮರುಪ್ರಶ್ನೆ ಹಾಕಿದರು, ಬೋರಪ್ಪ ಹಳೇ ರೂಢಿಯಂತೆ ಪಂಚೆಯಲ್ಲಿ ಸುತ್ತಿ ತಂದಿದ್ದ ಸೊಪ್ಪು ಮುಟ್ಟಿ ನೋಡಿದರು. ಭರವಸೆಯನ್ನೇನೂ ಕೊಡಲಿಲ್ಲ. ದೆಹಲಿಗೆ ಹೋದ ಮೇಲೆ ಮಂಡಳಿಯವರನ್ನು ಕರೆಸಿ ಕೂರುತ್ತೇನೆ ಎಂದಷ್ಟೇ ಹೇಳಿ, ಮನವಿಯನ್ನು ತಾವೇ ಜೇಬಿಗಿಟ್ಟುಕೊಂಡರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಮಾಯಮ್ಮನಿಗೆ ಕೈ ಮುಗಿದು, ಬರೀ ಹೊಟ್ಟೆಯಲ್ಲೇ ಕಾರು ಹತ್ತಿದರು.

ಈಗ ಜಗಲಿಯಲ್ಲಿ ಬೆಳೆಗಾರರು ಸಾಲಾಗಿ ಕೂತು ರೊಟ್ಟಿ ತಿನ್ನುತ್ತಿದ್ದಾರೆ. ಬೋರಪ್ಪ ಮಾತ್ರ ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟುಬಿಡುತ್ತಾರೆ. "ನಮ್ಮಿಂದ ನಿನ್ನಾಸೆ ಕೆಟ್ಟೋಯ್ತಲ್ಲವ್ವ," ಎಂದು ಕಣ್ಣು ತುಂಬಿಕೊಳ್ಳುತ್ತಾರೆ.

ಮಾಯಮ್ಮ ಅವರ ತಟ್ಟೆಗೆ ಸಾರು ಬಿಡುತ್ತಾರೆ.

"ಉಂಡಿದ್ರೆ ಕಾರಲ್ಲಿ ನಿದ್ದೆ ಒಡೆಯೋರು ಕಣಣ್ಣ. ಅಸ್ಕಂಡ್ ಓಗವ್ರೆ. ಡೆಲ್ಲಿಗಂಟ ನಿಮ್ಮುನ್ನ ಮರೆಯಕಿಲ್ಲ, ಉಣ್ಣು."