ಆಸ್ಥಾನಕಾವ್ಯದ ಪಕ್ಕದಲ್ಲಿ ಬೀಸುವ ಹಾಡು

ಮರಾಠಿ ಸೀಮೆಯ ಶಿವಾಜಿನಗರದ ಕಾಲೇಜೊಂದರ ಗೇಟು ಬೆಳಿಗ್ಗೆ ಈಗಷ್ಟೇ ತೆರೆದಿದೆ. ಎರಡನೇ ಮಹಡಿಯ ಕೋಣೆಯಲ್ಲಿ ಶಾಮಲಾ ಹೆಬ್ಬಳ್ಳಿ ಕಿಟಕಿ ತೆರೆದು, ನಿನ್ನೆಯ ಲೆಕ್ಕದ ಪಾಠ ಒರೆಸಿ, ಹಲಗೆಯ ನಡುವೆ ಉದ್ದಕ್ಕೆ ಗೆರೆ ಎಳೆಯುತ್ತಾರೆ. ಎಡಗಡೆ, ರಾಜನ ದಂಡಯಾತ್ರೆಯನ್ನು ಹೊಗಳುವ ಆಸ್ಥಾನಕಾವ್ಯದ ಸಾಲುಗಳು. ಬಲಗಡೆ, ಅದೇ ಸೀಮೆಯ ಹೆಂಗಸರು ಬೀಸುವಾಗ ಹೇಳುವ ಹಾಡು: ದಂಡು ಬಂತು, ನೆಲದಡಿಯ ಹಗೇವಿನ ಜೋಳ ಹೊತ್ತೊಯ್ದಿತು.

ಚಾಕಣದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿದ ಕೊನೆಯ ವರ್ಷದ ವಿದ್ಯಾರ್ಥಿ ಮಾಂತು ಕೆಂಪು ಕಣ್ಣಲ್ಲೇ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ.

ವಿಜಾಪುರದ ಕಡೆಯ ಶಾಮಲಾ ಮದುವೆಯಾಗಿ ಕೋಥರೂಡಕ್ಕೆ ಬಂದವರು. ತೊಂಬತ್ತರ ದಶಕದುದ್ದಕ್ಕೂ ಇಲ್ಲಿ ಅರೆಕಾಲಿಕ ಕನ್ನಡ ಅಧ್ಯಾಪಕಿ. ಕವಿ, ಕಾಲ, ಕೃತಿ ಎಂದು ಬರೆಸುವುದೇ ಆಗ ಸಾಹಿತ್ಯ ಚರಿತ್ರೆ. “ಎರಡು ವರ್ಷದ ಹಿಂದ ಮಾಂತು ಕೇಳಿದ್ರು, ಈ ಕವಿಗೆ ಅನ್ನ ಹಾಕಿದವರು ಯಾರ್ರಿ ಮೇಡಂ ಅಂತ. ಅವತ್ತೇ ಗ್ರಂಥಾಲಯಕ್ಕ ಹೋಗಿ ಹುಡುಕಾಕ ಕೂತೆ,” ಎನ್ನುತ್ತಾರೆ.

ಆ ಬೇಸಿಗೆ ರಜೆಯಲ್ಲಿ ಅವರು ಪಠ್ಯಕ್ರಮವನ್ನೇ ಬಿಚ್ಚಿ ಹೊಸದಾಗಿ ಹೆಣೆದರು. ಪ್ರತಿ ಘಟ್ಟವೂ ಆಳಿದವರು ಯಾರು, ಕಂದಾಯ ಕಟ್ಟಿದವರು ಯಾರು, ಅಕ್ಷರ ಯಾರಿಗೆ ದಕ್ಕಿತು ಎಂಬಲ್ಲಿಂದ ಶುರು. ಕೊನೆಯ ಘಟ್ಟ ಭಾಷಾವಾರು ಪ್ರಾಂತಗಳ ಜಗಳದ್ದು. ಗಡಿಯ ಎರಡೂ ಕಡೆಯ ಕನ್ನಡ, ಮರಾಠಿ ಬರಹಗಳನ್ನು ಅಲ್ಲಿ ಅಕ್ಕಪಕ್ಕ ಇಟ್ಟರು.

ಅಲ್ಲೇ ಕಿಡಿ ಬಿತ್ತು. ಸಾಹಿತ್ಯದ ಹೆಸರಲ್ಲಿ ರಾಜಕೀಯ ಕಲಿಸುತ್ತಾರೆಂದು ಮೇಲಿನವರಿಗೆ ದೂರು ಹೋಯಿತು. ಪಠ್ಯ ಸಮಿತಿಯ ಮುಖ್ಯಸ್ಥ ಭುಜಂಗರಾಯರು ಪಾಠವನ್ನು ತಾವೇ ಕೇಳಿ ತೀರ್ಮಾನಿಸುವುದಾಗಿ ತಿಳಿಸಿದರು. ಪಠ್ಯ ಬಿದ್ದರೆ ಶಾಮಲಾ ಅವರ ನೌಕರಿಯೂ ಬೀಳುವಂತಿತ್ತು. “ರಾಯರು ಬಂದು ಕೂತ ದಿನ ಗೆರಿ ಎಳಿಯುವಾಗ ಸೀಮೆಸುಣ್ಣ ಮುರೀತ್ರಿ,” ಎಂದು ನಗುತ್ತಾರೆ.

ಅಂದು, ಆಸ್ಥಾನಕಾವ್ಯಕ್ಕಿಂತ ಬೀಸುವ ಹಾಡೇ ನಿಜವೆಂದು ಶಾಮಲಾ ಹೇಳುತ್ತಿದ್ದಾಗ, ಪಾಠದ ನಡುವೆ ಮಾಂತು ಎದ್ದು ನಿಂತರು. “ನೀವು ಹೇಳೂದು ನಂಗ ಒಪ್ಪಿಗಿ ಇಲ್ರಿ. ಆಸ್ಥಾನದ ಕವಿನೂ ನಮ್ಮಂಗ ನೌಕರಿ ಮಾಡಾಂವ. ಸಾಹೇಬನ್ನ ಹೊಗಳಿದ ಅಂದಕೂಡ್ಲೆ ಅವನ ಕಾವ್ಯ ಸುಳ್ಳಾಗ್ತದೇನು?”

ಶಾಮಲಾ ಗಾಬರಿಯಾದರು. ಆದರೆ ತಡೆಯಲಿಲ್ಲ. “ಇದನ್ನ ಪರೀಕ್ಷಾದಾಗ ಬರೀರಿ. ಕಾರಣ ಕೊಡ್ರಿ, ಪೂರ್ತಿ ಮಾರ್ಕ್ಸ್ ಕೊಡ್ತೀನಿ,” ಎಂದರು. ಹಿಂದಿನ ಸಾಲಿನ ಸಪ್ನಾ ಮಾಂತು ಜೊತೆ ವಾದಕ್ಕಿಳಿದರು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ.

ಕೊನೆಗೆ ಭುಜಂಗರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ರಾಜಕೀಯ ಕಲಿಸ್ತೀರಿ ಅಂತ ಕೇಳಿದ್ದೆ. ಇಲ್ಲಿ ನಿಮ್ಮ ಮಾತನ್ನೇ ಯಾರೂ ಕೇಳವಲ್ರು,” ಎಂದು ಹೇಳಿ ಮೊದಲ ಸಲ ನಕ್ಕರು. ಮರಾಠಿ ಬರಹಗಳಿಗೆ ಕನ್ನಡ ಅನುವಾದ ಸೇರಿಸಬೇಕೆಂಬುದಷ್ಟೇ ಅವರ ಷರತ್ತು. 2001ರ ಜೂನಿನಿಂದ ಪಠ್ಯ ಜಾರಿಗೆ ಬಂತು.

“ಸುದ್ದಿ ತಿಳಿದ ದಿನ ಮನೀಗೆ ಬಂದು ಚಪ್ಪಲಿ ಬಿಟ್ಟಾಕಿ ಮಲಗಿಬಿಟ್ಟೆ. ಎದಿ ಮ್ಯಾಲಿನ ಕಲ್ಲು ಇಳಿದಂಗಾಗಿತ್ತು,” ಎನ್ನುತ್ತಾರೆ ಶಾಮಲಾ. ಅವರಿನ್ನೂ ಅರೆಕಾಲಿಕರೇ. ಈ ಸಲ ಮತ್ತೊಂದು ಕಾಲೇಜೂ ಈ ಪಠ್ಯವನ್ನು ಕೇಳಿದೆ.

ಮುಂದಿನ ಆಸೆ ಕೇಳಿದರೆ ಸೆರಗು ಸರಿಪಡಿಸಿಕೊಳ್ಳುತ್ತಾರೆ. “ನನ್ನ ಹೆಸರು ಎಲ್ಲೂ ಬ್ಯಾಡ್ರಿ. ಮುಂದ ಯಾರರೆ ಬಂದು ಇದನ್ನ ನನಗಿಂತ ಚಲೋ ಕಲಿಸ್ಲಿ. ಅಷ್ಟಾದ್ರ ನಾ ಹಿಂದಿನ ಬೆಂಚಿನ್ಯಾಗ ಕೂತು ಕೇಳ್ತೀನಿ.”