ಹಗಲೂ ರಾತ್ರಿಯೂ ದುಡಿದವಳು

ಬಿಶಾನ್‌ನ ಹಾಕರ್ ಸೆಂಟರ್ ಎಂಬ ಸಾಲು ಊಟದಂಗಡಿಗಳ ಜಾಗದಲ್ಲಿ ಲಂಚ್‌ಗೆ ಖಾಲಿ ಟೇಬಲ್ ಸಿಗದೆ, ವಯಸ್ಸಾದ ಜಪಾನಿ ಅಂಕಲ್ ಒಬ್ಬರ ಎದುರು ಕೂತೆ. ಅವರ ನೂಡಲ್ಸ್ ಆರಿ ತಣ್ಣಗಾಗಿತ್ತು. ಹುಷಾರಿಲ್ಲವಾ ಅಂತ ಕೇಳಿದೆ.

"ಅವಳು ಹೋದಳು," ಅಂದರು ಇಂಗ್ಲಿಷಿನಲ್ಲಿ. "ಹಗಲೂ ರಾತ್ರಿಯೂ ದುಡಿದಳು. ಕೊನೆಯ ದಿನ ಎಷ್ಟೊಂದು ಜನ ಬಂದು ಅತ್ತರು!"

ಅವರ ಕೈ ಹಿಡಿದುಕೊಂಡೆ. "ನಿಮ್ಮ ಹೆಂಡತಿಗೆ ಏನಾಗಿತ್ತು?"

ಅವರು ಗಾಬರಿಯಿಂದ ಫೋನ್ ತೋರಿಸಿದರು. ಕೆನೆಬಣ್ಣದ ಮೇಲೆ ನೀಲಿ ಪಟ್ಟಿಯ ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್ ರೈಲು! ಹಗಲು ಸೀಟುಗಳಾಗಿದ್ದವೇ ರಾತ್ರಿ ಹಾಸಿಗೆಗಳಾಗುತ್ತಿದ್ದವಂತೆ. ಬುಲೆಟ್ ರೈಲು ಬಂದ ಮೇಲೆ ಒಂದೊಂದೇ ಮಾರ್ಗ ಕೈತಪ್ಪಿ, ಈಗ ಅದನ್ನು ಪೂರ್ತಿ ರಿಟೈರ್ ಮಾಡಿದ್ದರಂತೆ.

"ನಾನು ಮೊದಲ ಸಲ ಊರು ಬಿಟ್ಟಿದ್ದು ಇವಳಲ್ಲೇ," ಅಂದರು.

ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡಿದರು. ಅಂಕಲ್ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

"ಸಾರಿ. ಈ ವರ್ಷ ನನ್ನ ಅಮ್ಮ ತೀರಿಕೊಂಡರು. ನೀವೂ ಅಂಥದ್ದೇ ಹೇಳ್ತಿದ್ದೀರಿ ಅಂದುಕೊಂಡೆ."

ಅವರು ತಕ್ಷಣ ಎದ್ದು ನಿಂತು, ಸೊಂಟ ಬಾಗಿಸಿ ವಂದಿಸಿದರು. ಮತ್ತೆ ಕೂತು, ಮೆಲ್ಲಗೆ ಕೇಳಿದರು: "ಅಮ್ಮನ ಫೋಟೋ ಇದೆಯಾ?"

ಫೋನ್ ತೆಗೆದು ಹುಡುಕತೊಡಗಿದೆ. ಬರೀ ಊಟದ ಫೋಟೋಗಳೇ: ಚಿಲ್ಲಿ ಕ್ರ್ಯಾಬ್, ಲಕ್ಸಾ ನೂಡಲ್ಸ್, ಮತ್ತೆ ಲಕ್ಸಾ. ಅಂಕಲ್ ಪಾಪ, ತಾಳ್ಮೆಯಿಂದ ಕಾಯುತ್ತಲೇ ಇದ್ದರು.